‘ಹೂಂ’ ಎನ್ನುವವರು

ಇನ್ನೊಬ್ಬರ ಕಥೆಯ ಪಾತ್ರಗಳನ್ನು ಎತ್ತಿಕೊಂಡು ನಮ್ಮದೇ ಕಥೆ ಹೊಸೆಯುವ ಚಟ ನಮಗಿದೆ. ಡೊಂಬಿವಲಿಯ ಲೋಕಲ್ಲಿನಲ್ಲಿ ನಿಂತೇ ಯೋಚಿಸಿ, ಕಚೇರಿಯ ಊಟದ ಬಿಡುವಿನಲ್ಲಿ ಬರೆಯುತ್ತೇವೆ. ಹೋದ ವರ್ಷ ಊರ್ಮಿಳೆಯ ಹದಿನಾಲ್ಕು ವರ್ಷಗಳ ಮೇಲೆ 40 ಪುಟ ಬರೆದು, ಝೆರಾಕ್ಸ್ ಮಾಡಿಸಿ, ಹನ್ನೆರಡು ಮಂದಿ ಸ್ನೇಹಿತರಿಗೆ ಹಂಚಿದೆವು. ಒಬ್ಬರು ಅಕ್ಷರ ದುಂಡಾಗಿದೆ ಎಂದರು. ಉಳಿದವರು ಎದುರು ಸಿಕ್ಕಾಗಲೆಲ್ಲ ಮಳೆಯ ಮಾತೆತ್ತಿದರು. ಬೈದಿದ್ದರೂ ಆಗುತ್ತಿತ್ತು! ಮೂರು ತಿಂಗಳು ನಾವು ಲೇಖನಿ ಮುಟ್ಟಲಿಲ್ಲ.

ಆಗ ನೆನಪಾದವನು ಮುದ್ದಣ. ನಂದಳಿಕೆಯ ಲಕ್ಷ್ಮೀನಾರಣಪ್ಪ (1870–1901) ಉಡುಪಿಯಲ್ಲಿ ವ್ಯಾಯಾಮದ ಮೇಷ್ಟ್ರು. ಅವನೂ ರಾಮನ ಕಥೆಯನ್ನೇ ಹಿಡಿದವನು. ತಾನು ಬರೆದುದನ್ನು ಪ್ರಾಚೀನ ಕೃತಿಯೆಂಬಂತೆ ಮೈಸೂರಿನ ಪತ್ರಿಕೆಗೆ ಕಳಿಸಿದ. ಹಾಗಾದ ಮೇಲೆ ಮೆಚ್ಚುಗೆ ಬಂದರೂ ಅದು ಯಾರ ಪಾಲಿಗೆ? ಮುದ್ದಣನೆಂದರೆ ಈತನೇ ಎಂಬುದು ಲೋಕಕ್ಕೆಲ್ಲ ತಿಳಿದದ್ದು ಅವನು ಕಣ್ಣು ಮುಚ್ಚಿದ ಮೇಲೆ. ಆದರೆ ಜಾಣ! ‘ರಾಮಾಶ್ವಮೇಧ’ದೊಳಗೇ ಮನೋರಮೆಯನ್ನು ಕೇಳುಗಳಾಗಿ ಕೂರಿಸಿಕೊಂಡ. ಅವಳು ಪದ್ಯ ಬೇಡವೆನ್ನುತ್ತಾಳೆ, ಸಂಸ್ಕೃತ ಹೆಚ್ಚಾದರೆ ತಡೆಯುತ್ತಾಳೆ, ನಡುನಡುವೆ ಗಂಡನನ್ನು ಛೇಡಿಸುತ್ತಾಳೆ.

ನಾವೂ ಒಂದು ರಾತ್ರಿ, ಮನೆಯವರು ಹುರುಳಿಕಾಯಿ ಬಿಡಿಸುತ್ತಿದ್ದಾಗ, ಆ ಹಸ್ತಪ್ರತಿಯನ್ನು ಅಳುಕುತ್ತಲೇ ಓದಿದೆವು. ಆರನೆಯ ಪುಟಕ್ಕೆ ತಡೆದರು: “ನಿಮ್ಮ ಊರ್ಮಿಳೆ ಬರೀ ಅಳುತ್ತಾಳಲ್ಲ. ಗಂಡನನ್ನು ಕಳೆದುಕೊಂಡ ಮೂವರು ಅತ್ತೆಯರನ್ನು ನೋಡಿಕೊಂಡವರು ಯಾರು?”

ಮುಖ ಕೆಂಪಾಯಿತು, ಕೋಪವೂ ಬಂತು, ಸುಳ್ಳೇಕೆ! ಮರುದಿನ ಥಾಣೆ ದಾಟುವಷ್ಟರಲ್ಲಿ ಕೋಪ ಇಳಿಯಿತು. 18 ಪುಟ ಹೊಡೆದು ಹಾಕಿದೆವು. ಈಗ ಕೌಸಲ್ಯೆಗೆ ನಿದ್ದೆ ಬಾರದ ರಾತ್ರಿಯನ್ನು ಬರೆಯುತ್ತಿದ್ದೇವೆ; ಊರ್ಮಿಳೆ ಅವಳ ಕಾಲೊತ್ತುತ್ತಿದ್ದಾಳೆ.