ಹದಿನೈದು ಪಂದ್ಯ, ನಲವತ್ತೆರಡು ಲಕ್ಷ ದಾರಿ

ನಮ್ಮ ದಾಸನಕೊಪ್ಪದ ಕಡೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ ನಡೆಸಿದವರಿಗೆಲ್ಲ ಒಂದು ಲೆಕ್ಕ ಬಾಯಿಪಾಠ. 16 ತಂಡ ಬಂದರೆ 15 ಪಂದ್ಯ. ಒಂದೊಂದು ಪಂದ್ಯವೂ ಒಂದು ತಂಡವನ್ನು ಮನೆಗೆ ಕಳಿಸುತ್ತದೆ. ಕೊನೆಗೆ ಒಂದೇ ಉಳಿಯಬೇಕಾದರೆ 15 ತಂಡ ಸೋಲಲೇಬೇಕು. ಚೀಟಿ ಎತ್ತಿ ಸಂಜೆಗೆ ಶುರು ಮಾಡಿದರೆ ಬೆಳಗಿನ ಜಾವದೊಳಗೆ ಕಪ್ ಯಾರದೆಂದು ತೀರ್ಮಾನವಾಗಿರುತ್ತದೆ.

2023ರಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ದಕ್ಷಿಣ ಏಷ್ಯಾದ ಪುರುಷರ ಫುಟ್‌ಬಾಲ್ ಪಂದ್ಯಾವಳಿ ನಡೆಯಿತು, ಸ್ಯಾಫ್ ಚಾಂಪಿಯನ್‌ಷಿಪ್. ಅಲ್ಲಿಯೂ ಪಂದ್ಯಗಳು 15. ಆದರೆ ತಂಡಗಳು ಎಂಟೇ, ಹಿಡಿದ ದಿನಗಳು 14.

ಇಷ್ಟು ದಿನ ಯಾಕೆ ಬೇಕಾಯಿತು? ಬೇರೆ ದೇಶದಿಂದ ಬಂದ ತಂಡವನ್ನು ಒಂದೇ ಸೋಲಿಗೆ ವಿಮಾನ ಹತ್ತಿಸುವುದು ನ್ಯಾಯವಲ್ಲ. ಹಾಗಾಗಿ ನಾಲ್ಕು ನಾಲ್ಕರ ಎರಡು ಗುಂಪು, ಗುಂಪಿನೊಳಗೆ ಎಲ್ಲರಿಗೆ ಎಲ್ಲರ ಮೇಲೂ ಆಟ. ಗುಂಪಿಗೆ 6ರಂತೆ 12 ಪಂದ್ಯ, ಆಮೇಲೆ ಎರಡು ಸೆಮಿಫೈನಲ್, ಒಂದು ಫೈನಲ್. ಮೈದಾನ ಒಂದೇ ಆದ್ದರಿಂದ ದಿನಕ್ಕೆ ಎರಡು ಪಂದ್ಯ, ಮಧ್ಯಾಹ್ನ ಮೂರೂವರೆಗೊಂದು, ರಾತ್ರಿ ಏಳೂವರೆಗೊಂದು. ಆಡಿದ ತಂಡಕ್ಕೆ ನಡುವೆ ಎರಡು ದಿನ ವಿಶ್ರಾಂತಿ: ಭಾರತದ ಗುಂಪು ಜೂನ್ 21, 24 ಮತ್ತು 27ರಂದು ಆಡಿದರೆ, ಇನ್ನೊಂದು ಗುಂಪು 22, 25 ಮತ್ತು 28ರಂದು ಆಡಿತು. ಜುಲೈ 1ಕ್ಕೆ ಎರಡೂ ಸೆಮಿಫೈನಲ್, 4ಕ್ಕೆ ಫೈನಲ್. 14 ದಿನಗಳಲ್ಲಿ ಚೆಂಡು ಉರುಳಿದ್ದು 8 ದಿನ. ಖಾಲಿ ಬಿಟ್ಟ ಆ 6 ದಿನಗಳೇ ನನ್ನ ಕಣ್ಣಿಗೆ ಇಡೀ ಯೋಜನೆಯ ಬುದ್ಧಿವಂತಿಕೆ. ಅವು ಇಲ್ಲದಿದ್ದರೆ ಆಟಗಾರರ ಕಾಲೂ ಉಳಿಯುತ್ತಿರಲಿಲ್ಲ, ಮಳೆಗಾಲದ ಆ ಹುಲ್ಲೂ ಉಳಿಯುತ್ತಿರಲಿಲ್ಲ.

ಎಂಟು ತಂಡ ಕೂಡಿಸುವುದೂ ಸುಲಭವಾಗಿರಲಿಲ್ಲ. ಸ್ಯಾಫ್‌ನಲ್ಲಿರುವುದು ಏಳು ದೇಶ. ಆ ವರ್ಷ ಶ್ರೀಲಂಕಾವನ್ನು ಫಿಫಾ ಅಮಾನತಿನಲ್ಲಿಟ್ಟಿತ್ತು. ಉಳಿದ ಆರರ ಜೊತೆಗೆ ಕುವೈತ್ ಮತ್ತು ಲೆಬನಾನ್ ಅತಿಥಿಗಳಾಗಿ ಬಂದವು. ಹೀಗೆ ಕೂಡಿದ ತಂಡಗಳ ಹಿಂದಿನ ಜನಸಂಖ್ಯೆ ನೋಡಿ. ಒಂದು ಕಡೆ ಸುಮಾರು 140 ಕೋಟಿಯ ಭಾರತ. ಇನ್ನೊಂದು ಕಡೆ 8 ಲಕ್ಷವೂ ತುಂಬದ ಭೂತಾನ. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲೇ 2011ರ ಜನಗಣತಿಯಂತೆ 14 ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಅದರ ಅರ್ಧದಷ್ಟು ಜನರಿರುವ ದೇಶವೊಂದು ತನ್ನ ಹನ್ನೊಂದು ಆಟಗಾರರನ್ನು ಆರಿಸಿ, ತನ್ನದೇ ರಾಷ್ಟ್ರಗೀತೆಯೊಂದಿಗೆ ಕಂಠೀರವದಲ್ಲಿ ನಿಂತಿತು.

ಪಾಕಿಸ್ತಾನದ ತಂಡ ಮಾರಿಷಸ್‌ನಲ್ಲಿ ಇನ್ನೊಂದು ಪಂದ್ಯಾವಳಿ ಮುಗಿಸಿ ವೀಸಾಕ್ಕೆ ಕಾಯುತ್ತಿತ್ತು. ಬೆಂಗಳೂರು ಮುಟ್ಟಿದ್ದು ಪಂದ್ಯದ ದಿನವೇ. ಅದೇ ರಾತ್ರಿ, ಮಳೆಯಲ್ಲಿ, ಭಾರತ 4-0ಯಿಂದ ಗೆದ್ದಿತು. ಮೂರು ಗೋಲು ಸುನಿಲ್ ಛೆಟ್ರಿಯವರದು. ಗೋಲುಗಳು ಎಲ್ಲರ ನೆನಪಿನಲ್ಲಿವೆ. ನನಗೆ ಹೆಚ್ಚು ಬೆರಗು ಅದಕ್ಕೂ ಮೊದಲಿನ ಗಂಟೆಗಳ ಬಗ್ಗೆ. ಒಂದು ತಂಡ ಇನ್ನೂ ದಾರಿಯಲ್ಲಿರುವಾಗ ಸುಮಾರು 25 ಸಾವಿರ ಜನ ಹಿಡಿಸುವ ಕ್ರೀಡಾಂಗಣವನ್ನು ಸಿದ್ಧವಾಗಿಟ್ಟುಕೊಂಡು ಕೂತವರ ಧೈರ್ಯ ದೊಡ್ಡದು.

ಈಗ ಇನ್ನೊಂದು ಲೆಕ್ಕ. ಗುಂಪಿನ ಪಂದ್ಯಕ್ಕೆ ಮೂರು ಫಲಿತಾಂಶ: ಗೆಲುವು, ಸೋಲು, ಸಮ. 12 ಪಂದ್ಯಗಳಿಗೆ 3ನ್ನು 12 ಸಲ ಗುಣಿಸಿದರೆ 5,31,441. ಕೊನೆಯ ಮೂರು ಪಂದ್ಯಗಳಿಗೆ ಎರಡೆರಡೇ ಫಲಿತಾಂಶ, ಅಂದರೆ ಇನ್ನೊಂದು 8 ಪಟ್ಟು. ಒಟ್ಟು 42,51,528. ಗೋಲುಗಳ ಸಂಖ್ಯೆಯನ್ನು ಲೆಕ್ಕಕ್ಕೇ ಹಿಡಿಯದೆ, ಬರೀ ಸೋಲು ಗೆಲುವುಗಳಲ್ಲೇ ಆ 15 ಪಂದ್ಯಗಳು ಇಷ್ಟು ಬಗೆಯಲ್ಲಿ ಮುಗಿಯಬಹುದಿತ್ತು. ಸೆಕೆಂಡಿಗೊಂದರಂತೆ ಓದುತ್ತ ಹೋದರೆ ನಿದ್ದೆಯಿಲ್ಲದೆ 49 ದಿನ ಬೇಕು. ನಡೆದದ್ದು ಅವುಗಳಲ್ಲಿ ಒಂದು. ಭಾರತ ಮತ್ತು ಕುವೈತ್ ಫೈನಲ್‌ನಲ್ಲಿ 1-1 ಸಮನಾಗಿ, ಪೆನಾಲ್ಟಿಯಲ್ಲಿ 12ನೆಯ ಒದೆತವನ್ನು ಗುರುಪ್ರೀತ್ ಸಿಂಗ್ ಸಂಧು ತಡೆದಾಗ ಭಾರತ 5-4ರಿಂದ ಒಂಬತ್ತನೆಯ ಸಲ ಕಪ್ ಎತ್ತಿತು.

ಎಂಟು ತಂಡದ ಕಥೆಯೇ ಹೀಗಾದರೆ ವಿಶ್ವಕಪ್‌ನದು ಎಷ್ಟಿರಬೇಡ! 1930ರಲ್ಲಿ ಉರುಗ್ವೆಯಲ್ಲಿ ಮೊದಲ ವಿಶ್ವಕಪ್ ನಡೆದಾಗ 13 ತಂಡ, 18 ಪಂದ್ಯ, ಎಲ್ಲವೂ ಮಾಂಟೆವಿಡಿಯೊ ಒಂದೇ ಊರಿನಲ್ಲಿ. ಯುರೋಪಿನ ತಂಡಗಳು ಹಡಗಿನಲ್ಲಿ ಸಾಗರ ದಾಟಿ ಬಂದಿದ್ದವು. 2026ರದಕ್ಕೆ ಮೂರು ದೇಶ, 16 ನಗರ, 48 ತಂಡ, 104 ಪಂದ್ಯ. ಬೆಂಗಳೂರಿನದಕ್ಕೆ ಹೋಲಿಸಿದರೆ ತಂಡಗಳು ಆರು ಪಟ್ಟು, ಪಂದ್ಯಗಳು ಸುಮಾರು ಏಳು ಪಟ್ಟು. ಆದರೆ ಮೇಲಿನ ಲೆಕ್ಕವನ್ನೇ ಇಲ್ಲೂ ಹಾಕಿ: 72 ಗುಂಪಿನ ಪಂದ್ಯ, 32 ಮುಂದಿನ ಹಂತದವು. ಬರುವ ಸಂಖ್ಯೆ ಎಷ್ಟು ಪಟ್ಟು ಎಂದು ಹೇಳಲು ಕೋಟಿಗಳು ಸಾಲವು. ಅದಕ್ಕೆ 44 ಅಂಕಿ. ವಿಶ್ವ ಹುಟ್ಟಿದಂದಿನಿಂದ ಕಳೆದ ಸೆಕೆಂಡುಗಳನ್ನೆಲ್ಲ ಬರೆದಿಟ್ಟರೂ 18 ಅಂಕಿಗೇ ಮುಗಿಯುತ್ತದೆ.

ಇಷ್ಟೊಂದು ಸಾಧ್ಯತೆಗಳನ್ನು ಮನುಷ್ಯರು ಹಿಡಿತಕ್ಕೆ ತಂದುಕೊಳ್ಳುವ ಬಗೆ ಇನ್ನೂ ಸೊಗಸು. 12 ಗುಂಪುಗಳಲ್ಲಿ ಮೊದಲಿಬ್ಬರು ಸೇರಿ 24 ತಂಡ ಮುಂದೆ ಹೋಗುತ್ತವೆ. 32 ತುಂಬಿಸಲು ಇನ್ನೂ 8 ಬೇಕು. ಮೂರನೆಯ ಸ್ಥಾನ ಪಡೆದ 12 ತಂಡಗಳಲ್ಲಿ ಉತ್ತಮವಾದ ಎಂಟಕ್ಕೆ ಆ ಅವಕಾಶ. ಯಾವ ಎಂಟು ಗುಂಪಿನವು ಬರುತ್ತವೆಯೋ ಮೊದಲೇ ತಿಳಿಯದು. ಹನ್ನೆರಡರಿಂದ ಎಂಟನ್ನು ಆರಿಸುವ ಬಗೆಗಳು 495. ಒಂದೇ ಗುಂಪಿನವರು ಕೂಡಲೇ ಮತ್ತೆ ಎದುರಾಗಬಾರದು. ಅದಕ್ಕಾಗಿ ಫಿಫಾ ತನ್ನ ನಿಯಮಾವಳಿಯ ಕೊನೆಗೆ ಒಂದು ಕೋಷ್ಟಕವನ್ನೇ ಸೇರಿಸಿದೆ. 495 ಸಾಲು, ಒಂದೊಂದು ಸಾಲಿನಲ್ಲೂ ಯಾವ ಗುಂಪಿನ ಮೂರನೆಯವರು ಯಾವ ಗುಂಪಿನ ಮೊದಲಿಗರನ್ನು ಎದುರಿಸಬೇಕೆಂಬ ಬರಹ. ಮೊದಲ ಸೀಟಿ ಊದುವ ಮೊದಲೇ ಅಷ್ಟೂ ಸಾಲು ಅಚ್ಚಾಗಿರಬೇಕು, ಬಳಕೆಗೆ ಬರುವುದು ಒಂದೇ ಸಾಲು. ಉಳಿದ 494 ಸಾಲುಗಳನ್ನೂ ಯಾರೋ ಅಷ್ಟೇ ಎಚ್ಚರದಿಂದ ಕೂತು ತಾಳೆ ನೋಡಿದ್ದಾರೆ.