ಅರಸನ ಕೊರಳಿಗೊಂದು ಅಂಕಮಾಲೆ

ನೃಪತುಂಗನ ಕಾಲವೆಂದೊಡನೆ ಕನ್ನಡ ವಿದ್ಯಾರ್ಥಿಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ಒಂಬತ್ತನೆಯ ಶತಮಾನದಲ್ಲಿ, ಅದೇ ದೊರೆಯನ್ನು ಸ್ತುತಿಸಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದನು. ಈ ಸಂಗತಿಯನ್ನು ನಾವು, ಕನ್ನಡ ಅಧ್ಯಾಪಕರು, ಪಾಠದ ಕೊನೆಯಲ್ಲಿ ಒಂದು ವಾಕ್ಯದಲ್ಲಿ ಹೇಳಿ ಮುಗಿಸುತ್ತೇವೆ. ಹದಿನೈದು ವರ್ಷ ನಾನೂ ಹಾಗೆಯೇ ಮಾಡಿದೆನು. ಒಂದು ದಿನ ವಿದ್ಯಾರ್ಥಿಯೊಬ್ಬನು, “ಆ ಪುಸ್ತಕದಲ್ಲಿ ಏನಿದೆ, ಸಾರ್?” ಎಂದು ಕೇಳಿದನು. ನನ್ನಲ್ಲಿ ಉತ್ತರವಿರಲಿಲ್ಲ. ನಾಚಿಕೆಯಿಂದಲೇ, ಎಂ. ರಂಗಾಚಾರ್ಯರು ಸಂಪಾದಿಸಿ 1912ರಲ್ಲಿ ಮದರಾಸಿನಿಂದ ಹೊರಬಂದ ಆವೃತ್ತಿಯನ್ನು ತೆರೆದೆನು.

ಗುಣಾಕಾರದ ಉದಾಹರಣೆಗಳಲ್ಲಿಯೇ ಕಣ್ಣು ನಿಂತಿತು. 27994681ನ್ನು 441ರಿಂದ ಗುಣಿಸಿದರೆ ಬರುವ ಲಬ್ಧ 12345654321. ಒಂದರಿಂದ ಆರರವರೆಗೆ ಏರಿ, ಏರಿದ ಮೆಟ್ಟಿಲುಗಳಲ್ಲೇ ಇಳಿದುಬರುವ ಅಂಕಿಗಳು. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ. ಚಿತ್ರಕವಿತ್ವದಲ್ಲಿ ಗತಪ್ರತ್ಯಾಗತವೆಂದು ನಾವು ವಿವರಿಸುವ ಚಮತ್ಕಾರವಲ್ಲವೆ ಇದು? ಇಂಥ ಲಬ್ಧಗಳನ್ನು ಆಚಾರ್ಯನು ಅರಸರ ಕಂಠಾಭರಣಗಳೆಂದು ಬಣ್ಣಿಸುತ್ತಾನೆ.

ಈ ಚೆಲುವು ಆಕಸ್ಮಿಕವೇನೂ ಅಲ್ಲ. 441 ಎಂಬುದು 21ರ ವರ್ಗ. 27994681 ಎಂಬುದು 5291ರ ವರ್ಗ. ಆ ಎರಡು ಮೂಲಗಳನ್ನು ಗುಣಿಸಿದರೆ 111111. ಆದುದರಿಂದ ನಮ್ಮ ಸಂಖ್ಯೆಯು 111111ರ ವರ್ಗವೇ ಸರಿ. ವಾಚಕರು ಕಾಗದದ ಮೇಲೆ ಗುಣಿಸಿ ನೋಡಬಹುದು. ಆರು ಒಂದುಗಳ ಸಾಲು, ಪ್ರತಿ ಸಲವೂ ಒಂದು ಸ್ಥಾನ ಎಡಕ್ಕೆ ಸರಿಯುತ್ತ, ಆರು ಸಲ ಬರುತ್ತದೆ. ಬಲತುದಿಯ ಕಂಬಸಾಲಿನಲ್ಲಿ ಒಂದು ಮಾತ್ರ ಇರುತ್ತದೆ; ಮುಂದಿನದರಲ್ಲಿ ಎರಡು; ನಟ್ಟನಡುವೆ ಆರು; ಅಲ್ಲಿಂದಾಚೆಗೆ ಇಳಿತ. ಅಂಕಿಗಳನ್ನೆಲ್ಲ ಕೂಡಿದರೆ 36 ಬರುವುದೂ ಇದರಿಂದಲೇ: ಆರು ಸಾಲು, ಸಾಲಿಗೆ ಆರು ಒಂದುಗಳು.

ಇನ್ನೂ ಒಳಹೊಕ್ಕರೆ, 111111 ಎಂಬುದು 3, 7, 11, 13, 37 ಎಂಬ ಐದು ಅವಿಭಾಜ್ಯಗಳ ಗುಣಲಬ್ಧ. ಅದರ ವರ್ಗದಲ್ಲಿ ಪ್ರತಿಯೊಂದೂ ಎರಡು ಸಲ ಇದೆ. ಭಾಜಕವೊಂದನ್ನು ಕಟ್ಟುವಾಗ ಪ್ರತಿಯೊಂದನ್ನೂ ಬಿಡಬಹುದು, ಒಮ್ಮೆ ಕೊಳ್ಳಬಹುದು, ಇಲ್ಲವೆ ಎರಡು ಸಲ ಕೊಳ್ಳಬಹುದು. ಹೀಗೆ ಈ ಸಂಖ್ಯೆಯನ್ನು ನಿಶ್ಶೇಷವಾಗಿ ಭಾಗಿಸುವ ಸಂಖ್ಯೆಗಳು ಒಟ್ಟು 243.

ಒಂದುಗಳನ್ನು ಹೆಚ್ಚಿಸುತ್ತ ಹೋದರೆ ಮಾಲೆಯೂ ಬೆಳೆಯುತ್ತದೆ. ಒಂಬತ್ತು ಒಂದುಗಳ ವರ್ಗ 12345678987654321. ಹತ್ತನ್ನು ಇಟ್ಟರೋ, ನಡುವಿನ ಕಂಬಸಾಲಿನ ಮೊತ್ತ ಹತ್ತಾಗಿ, ದಶಕವು ಎಡಕ್ಕೆ ದಾಟುತ್ತದೆ, ಬರುವುದು 1234567900987654321. ಮಾಲೆ ಹರಿಯಿತು, ನಿಯಮವು ಹರಿಯಲಿಲ್ಲ. ಚೆಲುವನ್ನು ಕಟ್ಟಿದ ನಿಯಮವೇ ಅದರ ಮೇರೆಯನ್ನೂ ಗೊತ್ತುಮಾಡಿದೆ. ಅಲಂಕಾರಕ್ಕೂ ಒಂದು ಮಿತಿಯುಂಟೆಂದು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆನು. ಅದಕ್ಕೆ ಇಷ್ಟು ನಿಚ್ಚಳವಾದ ನಿದರ್ಶನವನ್ನು ಕಾವ್ಯದಲ್ಲಿ ಕಂಡಿರಲಿಲ್ಲ.

ಕಾವ್ಯವನ್ನೂ ಗಣಿತವನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿದವರು ನಾವು. ಇದರಿಂದ ಒಂದು ಯುಗದ ಅರ್ಧವನ್ನಷ್ಟೇ ಮಕ್ಕಳಿಗೆ ಕಲಿಸಿದಂತಾಯಿತು. ಮರುದಿನ ಕರಿಹಲಗೆಯ ಮೇಲೆ ಆರು ಒಂದುಗಳನ್ನು ಬರೆದು, ಪ್ರಶ್ನೆ ಕೇಳಿದವನ ಕೈಗೆ ಸೀಮೆಸುಣ್ಣವನ್ನು ಕೊಟ್ಟೆನು. ಲೆಕ್ಕಕ್ಕೆ ಅಂಜಿ ಕನ್ನಡಕ್ಕೆ ಬಂದವನಂತೆ ಅವನು. ನಡುವಿನ ಆರನ್ನು ಬರೆದಾಗ ಇಡೀ ತರಗತಿಯು ಅವನಿಗಿಂತ ಮುಂಚೆಯೇ “ಐದು, ನಾಲ್ಕು, ಮೂರು” ಎಂದು ಕೂಗತೊಡಗಿತು.