ಸೀಟಿಗೆ ಕಾಯಬೇಕೇ?

ಕಾಲೇಜು ಬಿಟ್ಟ ಮೇಲೆ ಮೈದಾನದಲ್ಲಿ ನಮ್ಮ ಫುಟ್‌ಬಾಲ್ ಅರ್ಧ ಆಟ, ಅರ್ಧ ಜಗಳ. ಕೆಲವು ಪದಗಳ ಅರ್ಥ ತಿಳಿದಿದ್ದರೆ ಜಗಳ ಕಡಿಮೆಯಾದೀತು.

2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಐಎಸ್‌ಎಲ್ ನಾಕೌಟ್ ಪಂದ್ಯ. ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ತಂಡಗಳು 90 ನಿಮಿಷ ಆಡಿದರೂ ಗೋಲಾಗಲಿಲ್ಲ. 96ನೇ ನಿಮಿಷದಲ್ಲಿ ಬೆಂಗಳೂರಿಗೆ ಫ್ರೀ ಕಿಕ್ ಸಿಕ್ಕಿತು.

ಎಕ್ಸ್‌ಟ್ರಾ ಟೈಮ್: ನಾಕೌಟ್ ಪಂದ್ಯ ಸಮವಾದರೆ ಆಡುವ, ತಲಾ 15 ನಿಮಿಷದ ಎರಡು ಅವಧಿ. ಗಾಯ ಮುಂತಾದ ಕಾರಣಕ್ಕೆ ಪೋಲಾದ ಸಮಯವನ್ನು ತುಂಬಿಕೊಡುವ ಇಂಜುರಿ ಟೈಮ್ ಬೇರೆ.

ಫ್ರೀ ಕಿಕ್: ಎದುರಾಳಿ ತಪ್ಪು ಮಾಡಿದಾಗ ಸಿಗುವ ಒದೆತ. ಡೈರೆಕ್ಟ್ ಆದರೆ ನೇರವಾಗಿ ಗೋಲಿಗೆ ಹೊಡೆಯಬಹುದು. ಇನ್‌ಡೈರೆಕ್ಟ್ ಆದರೆ ಚೆಂಡು ಇನ್ನೊಬ್ಬ ಆಟಗಾರನಿಗೆ ತಾಗಿ ಗೋಲಾಗಬೇಕು.

ವಾಲ್: ಗೋಲಿಗೆ ಅಡ್ಡವಾಗಿ ಆಟಗಾರರು ಸಾಲಾಗಿ ನಿಲ್ಲುವ ಗೋಡೆ. ಚೆಂಡಿನಿಂದ 9.15 ಮೀಟರ್ ದೂರವಿರಬೇಕು. ನಮ್ಮ ತೋಟಗಳಲ್ಲಿ 30 ಅಡಿಗೊಂದು ತೆಂಗಿನ ಸಸಿ ನೆಡುತ್ತಾರಲ್ಲ, ಅಷ್ಟು.

ಕ್ವಿಕ್ ಫ್ರೀ ಕಿಕ್: ಗೋಡೆ ನಿಲ್ಲುವ ಮೊದಲೇ ಒದೆಯುವುದು. ಸೀಟಿಗೆ ಕಾಯಿರಿ ಎಂದು ರೆಫರಿ ಸೂಚಿಸದಿದ್ದರೆ ಕಾಯಬೇಕಿಲ್ಲ.

ಸುನಿಲ್ ಛೆಟ್ರಿ ಹೀಗೇ ಒದ್ದರು, ಗೋಲಾಯಿತು. ತಾವಿನ್ನೂ ಸಿದ್ಧರಿರಲಿಲ್ಲವೆಂದು ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟು ಹೋಯಿತು. ಗೋಲು ಉಳಿಯಿತು, ಬೆಂಗಳೂರು 1-0ರಿಂದ ಗೆದ್ದಿತು. ಹೊರನಡೆದ ತಂಡಕ್ಕೆ 4 ಕೋಟಿ ರೂಪಾಯಿ ದಂಡ ಬಿತ್ತು.

ಆದ್ದರಿಂದ ಎದುರಾಳಿಗೆ ಫ್ರೀ ಕಿಕ್ ಸಿಕ್ಕಾಗ ರೆಫರಿಯತ್ತ ತಿರುಗಿ ವಾದಿಸುತ್ತಾ ನಿಲ್ಲಬೇಡಿ. ಕಣ್ಣು ಚೆಂಡಿನ ಮೇಲಿರಲಿ. ತೀರ್ಪು ಹಿಡಿಸದಿದ್ದರೂ ಆಟ ಬಿಟ್ಟು ಹೋಗಬೇಡಿ.